ಕಾಮೆಂಟ್ ಇತ್ತು, ಬ್ಯಾರಿಯರ್ ಇರ್ಲಿಲ್ಲ: ಲಿನಕ್ಸ್ ಫ್ಯೂಟೆಕ್ಸ್‌ನ ಒಂದು ಪ್ರಕರಣ

2015ರಲ್ಲಿ ನಾನಿದ್ದ ಕಂಪನೀಲಿ ಒಂದು ಜಾವಾ ಸರ್ವಿಸ್ ಇತ್ತು, ವರ್ಷಗಟ್ಲೆ ಯಾವ ತಂಟೇನೂ ಇಲ್ದೆ ಓಡ್ತಿದ್ದಿದ್ದು. ಅದನ್ನ ಹೊಸ ಹ್ಯಾಸ್ವೆಲ್ (ಇಂಟೆಲ್‌ನ ಒಂದು ಪ್ರೊಸೆಸರ್ ಪೀಳಿಗೆ) ಮಷೀನ್‌ಗಳಿಗೆ ಹಾಕಿ ಜೊತೆಗೇ ಓಎಸ್ ಅಪ್‌ಡೇಟ್ ಮಾಡಿದ್ಮೇಲೆ ವಾರಕ್ಕೊಂದ್ಸಲ, ಕೆಲವು ವಾರ ಎರಡ್ಸಲ, ಇದ್ದಕ್ಕಿದ್ದಂಗೆ ನಿಂತ್ಹೋಗಕ್ಕೆ ಶುರುವಾಯ್ತು. ಕ್ರ್ಯಾಶ್ ಅಲ್ಲ, ಲಾಗ್‌ನಲ್ಲಿ ಒಂದೇ ಒಂದು ಎರರ್ ಇಲ್ಲ, ಸಿಪಿಯು ಖಾಲಿ ಕೂತಿದೆ, ಮೆಮೊರಿ ಬೇಕಾದಷ್ಟಿದೆ, ಆದ್ರೆ ರಿಕ್ವೆಸ್ಟ್ ಒಂದೂ ಮುಂದಕ್ಕೆ ಹೋಗ್ತಿಲ್ಲ. ಏನಾಗಿದೆ ಅಂತ ನೋಡೋಣ ಅಂದ್ಕೊಂಡು ಎಲ್ಲಾ ಥ್ರೆಡ್‌ಗೂ (ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡೋ ಎಳೆಗಳು) ಸ್ಟ್ರೇಸ್ (ಓಎಸ್‌ನ ತಿರುಳಾದ ಕರ್ನಲ್‌ಗೆ ಪ್ರೋಗ್ರಾಂ ಏನು ಕೇಳ್ತಿದೆ ಅಂತ ತೋರ್ಸೋ ಟೂಲ್) ಅಟ್ಯಾಚ್ ಮಾಡಿದ್ರೆ ಸರ್ವಿಸ್ ಎದ್ದು ಕೂತ್ಕೊಂಡು ಏನೂ ಆಗೇ ಇಲ್ಲ ಅನ್ನೋ ಹಾಗೆ ಕೆಲಸ ಶುರು ಮಾಡ್ತಿತ್ತು. ಡಾಕ್ಟ್ರು ನಾಡಿ ಹಿಡಿದ ಕೂಡ್ಲೇ ಜ್ವರ ಬಿಟ್ಟೋಗೋ ಹಾಗೆ.

ಇಂಥ ಲಕ್ಷಣ ಕಂಡ್ರೆ ಮೊದಲು ಬೈಸ್ಕೊಳ್ಳೋದು ಅಪ್ಲಿಕೇಶನ್ ಬರೆದವ್ರು. ಡೆಡ್‌ಲಾಕ್ ಇರ್ಬೇಕು, ನಿಮ್ಮ ಲಾಕಿಂಗ್ ಸರಿ ಇಲ್ಲ ಅಂತ ಹದಿನೈದು ದಿನ ಅವ್ರ ಕೋಡನ್ನೇ ಹಿಂಜಿದ್ವಿ. ಆದ್ರೆ ನಿಜವಾದ ಡೆಡ್‌ಲಾಕ್ ಆಗಿದ್ರೆ ಸ್ಟ್ರೇಸ್ ಹಾಕಿದ ಮಾತ್ರಕ್ಕೆ ಬಿಟ್ಕೊಳ್ತಿರ್ಲಿಲ್ಲ, ಇವನ ಲಾಕ್ ಅವನು ಹಿಡಿದು ಅವನ ಲಾಕ್ ಇವನು ಹಿಡಿದು ಕೂತಿದ್ರೆ ಯಾರು ಬಂದು ಅಲುಗಾಡಿಸಿದ್ರೂ ಹಾಗೇ ಇರ್ತಾರೆ. ಅಲುಗಾಡಿಸಿದ್ರೆ ಸರಿಹೋಗತ್ತೆ ಅಂದ್ರೆ ಅದರ ಅರ್ಥ ಒಂದೇ, ಯಾರೋ ಮಲಗಿದಾನೆ, ಅವನನ್ನ ಎಬ್ಬಿಸ್ಬೇಕಾಗಿದ್ದೋರು ಎಬ್ಬಿಸಿಲ್ಲ.

ಆಮೇಲೆ ನಿಂತಾಗ ಸ್ಟ್ರೇಸನ್ನ ಮುಟ್ಟದೇ ಬೇರೆ ಥರ ನೋಡಿದ್ವಿ. ಪ್ರೋಕ್ ಫೈಲ್‌ಸಿಸ್ಟಮ್‌ನಲ್ಲಿ (ಓಡ್ತಿರೋ ಪ್ರೋಸೆಸ್‌ಗಳ ಮಾಹಿತೀನ ಕರ್ನಲ್ ಫೈಲ್ ಥರ ತೋರ್ಸೋ ಜಾಗ) ಪ್ರತಿ ಥ್ರೆಡ್‌ಗೂ ಸಿಸ್ಕಾಲ್ ಅಂತ ಒಂದು ಫೈಲ್ ಇರತ್ತಲ್ಲ, ಅದನ್ನ ಓದಿದ್ರೆ ಥ್ರೆಡ್‌ಗೆ ಯಾವ ತೊಂದ್ರೇನೂ ಆಗಲ್ಲ, ಅದು ಯಾವ ಸಿಸ್ಟಮ್ ಕಾಲ್‌ನಲ್ಲಿ (ಕರ್ನಲ್‌ಗೆ ಮಾಡೋ ಕರೇಲಿ) ಯಾವ ಆರ್ಗ್ಯುಮೆಂಟ್ ಇಟ್ಕೊಂಡು ಮಲಗಿದೆ ಅಂತ ಹೇಳತ್ತೆ. ಅಲ್ಲಿ ಬಂದಿದ್ದು 202, ಅಂದ್ರೆ 64 ಬಿಟ್ ಎಕ್ಸ್86ನಲ್ಲಿ (ಇಂಟೆಲ್, ಎಎಂಡಿ ಚಿಪ್‌ಗಳ ಆರ್ಕಿಟೆಕ್ಚರ್) ಫ್ಯೂಟೆಕ್ಸ್, ಲಾಕ್‌ಗೆ ಕಾಯೋರನ್ನ ಮಲಗಿಸೋ, ಎಬ್ಬಿಸೋ ಸಿಸ್ಟಮ್ ಕಾಲ್. ಮುಂದೆ ಒಂದು ಅಡ್ರೆಸ್, ಅದರ ಮುಂದೆ ಹೆಕ್ಸ್‌ನಲ್ಲಿ 80, ಅಂದ್ರೆ 128, ಪ್ರೈವೇಟ್ ಫ್ಯೂಟೆಕ್ಸ್ ಮೇಲೆ ವೇಟ್. ಅದರ ಮುಂದೆ 2. "ಈ ಅಡ್ರೆಸ್‌ನಲ್ಲಿ 2 ಇದ್ರೆ ನನ್ನನ್ನ ಮಲಗಿಸು" ಅಂತ ಕರ್ನಲ್‌ಗೆ ಕೇಳ್ಕೊಂಡಿದಾನೆ. ಗ್ಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಮ್ಯೂಟೆಕ್ಸ್‌ನಲ್ಲಿ (ಒಂದ್ಸಲಕ್ಕೆ ಒಬ್ರೇ ಹಿಡಿಯೋ ಲಾಕ್) 0 ಅಂದ್ರೆ ಖಾಲಿ, 1 ಅಂದ್ರೆ ಯಾರೋ ಹಿಡಿದಿದಾರೆ, 2 ಅಂದ್ರೆ ಹಿಡಿದಿದಾರೆ ಮತ್ತೆ ಕಾಯೋರೂ ಇರಬಹುದು. ಸರಿ ಅಂತ ಅದೇ ಅಡ್ರೆಸ್‌ನ ನಾಲ್ಕು ಬೈಟ್ ಆ ಪ್ರೋಸೆಸ್‌ನ ಮೆಮ್ ಫೈಲ್‌ನಿಂದ ಓದಿದ್ವಿ. ಸೊನ್ನೆ.

ಲಾಕ್ ಖಾಲಿ ಇದೆ, ಬಾಗ್ಲು ತೆಗೆದೇ ಇದೆ, ಒಬ್ಬ ಹೊಸ್ತಿಲ ಹತ್ರ ಮಲಗಿದಾನೆ. ಇನ್ನೂ ಕೆಟ್ಟ ವಿಷ್ಯ ಏನಪ್ಪಾ ಅಂದ್ರೆ ಅವನು ತಾನಾಗೇ ಯಾವತ್ತೂ ಏಳಲ್ಲ, ಯಾಕಂದ್ರೆ ಮುಂದೆ ಯಾರೇ ಬಂದು ಜಗಳ ಇಲ್ದೆ ಲಾಕ್ ಹಿಡಿದ್ರೂ ಅವ್ರು 0ಯಿಂದ 1 ಮಾಡ್ತಾರೆ, ಬಿಡೋವಾಗ 1 ಇತ್ತು ಅಂದ್ರೆ ಕಾಯೋರಿಲ್ಲ ಅಂತ ಲೆಕ್ಕ, ಹಾಗಾಗಿ ಕರ್ನಲ್‌ಗೆ ಎಬ್ಬಿಸು ಅಂತ ಹೇಳೋದೇ ಇಲ್ಲ. ಸ್ಟ್ರೇಸ್ ಹಾಕಿದಾಗ ವೇಟ್ ಅರ್ಧಕ್ಕೆ ಕಡಿದು ಸಿಸ್ಕಾಲ್ ಮತ್ತೆ ಮೊದಲಿಂದ ಶುರುವಾಗತ್ತೆ, ಆಗ ಕರ್ನಲ್ ವ್ಯಾಲ್ಯೂನ ಮತ್ತೆ ಓದತ್ತೆ, 2 ಇಲ್ಲ, ಹೋಗು ಅಂತ ವಾಪಸ್ ಕಳ್ಸತ್ತೆ. ಜ್ವರ ಬಿಡೋ ಗುಟ್ಟು ಇಷ್ಟೇ. ಟೈಮ್‌ಔಟ್ ಇಟ್ಕೊಂಡು ಮಲಗೋ ಥ್ರೆಡ್‌ಗಳು ಟೈಮ್ ಆದ್ಮೇಲೆ ತಾವೇ ಎದ್ಬಿಡ್ತಿದ್ವು, ಅಲ್ಲಿ ಇದೇ ಬಗ್ ಬರೀ ಲೇಟೆನ್ಸಿ ಥರ ಕಾಣ್ತಿತ್ತು, ಹಾಗಾಗಿ ಎಷ್ಟು ಸಲ ಆಗಿತ್ತೋ ಲೆಕ್ಕಕ್ಕೇ ಸಿಗಲಿಲ್ಲ.

ಇದರ ಮೂಲ ನಮ್ಮ ಕೋಡ್‌ನಲ್ಲಿ ಇರ್ಲಿಲ್ಲ, ಕರ್ನಲ್‌ನಲ್ಲಿತ್ತು, ಅದೂ ಮೇನ್‌ಲೈನ್‌ನಲ್ಲಿ (ಲಿನಕ್ಸ್‌ನ ಮೂಲ ಕೋಡ್‌ನಲ್ಲಿ) 2014ರ ಅಕ್ಟೋಬರ್‌ನಲ್ಲೇ ಸರಿಯಾಗಿ ಹೋಗಿತ್ತು. ನಮ್ಮ ಮನೆ ಕಥೆ ಇಷ್ಟಕ್ಕೇ ಬಿಡ್ತೀನಿ, ಯಾಕಂದ್ರೆ ನಂಗೆ ಹೇಳ್ಬೇಕಾಗಿರೋದು ಆ ಕರ್ನಲ್ ಕೋಡ್ ರಿವ್ಯೂ ಬಗ್ಗೆ. ಕಾನ್‌ಕರೆನ್ಸಿ (ಒಟ್ಟಿಗೇ ಹಲವು ಥ್ರೆಡ್ ಓಡೋ) ಕೋಡನ್ನ ಹೇಗೆ ಓದ್ಬೇಕು ಅಂತ ಯಾರಾದ್ರೂ ಕೇಳಿದ್ರೆ ನಾನು ತೋರ್ಸೋದು ಇದೊಂದೇ ಫಂಕ್ಷನ್ನು.

ಹಿನ್ನೆಲೆ ಸ್ವಲ್ಪ ಬೇಕು. ಫ್ಯೂಟೆಕ್ಸ್ ಐಡಿಯಾ ಏನಂದ್ರೆ ಲಾಕ್‌ಗೆ ಜಗಳ ಇಲ್ದಿದ್ರೆ ಕರ್ನಲ್ ಹತ್ರ ಹೋಗೋದೇ ಬೇಡ, ಯೂಸರ್‌ಸ್ಪೇಸ್‌ನಲ್ಲೇ (ಪ್ರೋಗ್ರಾಂ ಕಡೇಲೇ) ಒಂದು ಅಟಾಮಿಕ್ (ಮಧ್ಯೆ ಯಾರೂ ತೂರಕ್ಕಾಗದ) ಆಪರೇಷನ್‌ನಲ್ಲಿ ಮುಗ್ಸಿ, ಜಗಳ ಬಂದಾಗ ಮಾತ್ರ ಮಲಗಿಸೋಕೆ, ಎಬ್ಬಿಸೋಕೆ ಕರ್ನಲ್‌ನ ಕರೀರಿ. ಕರ್ನಲ್ ಒಳಗೆ ಒಂದು ಹ್ಯಾಶ್ ಟೇಬಲ್, ಪ್ರತಿ ಬಕೆಟ್‌ಗೂ ಒಂದು ಸ್ಪಿನ್‌ಲಾಕ್ (ಮಲಗದೇ ಸುತ್ತುತ್ತಾ ಕಾಯೋ ಲಾಕ್) ಮತ್ತೆ ಕಾಯೋರ ಪಟ್ಟಿ. 2014ಕ್ಕೆ ಮುಂಚೆ ಎಬ್ಬಿಸೋಕೆ ಬಂದೋನು ಕೂಡ ಬಕೆಟ್ ಲಾಕ್ ಹಿಡಿದೇ ಪಟ್ಟಿ ನೋಡ್ತಿದ್ದ, ಪಟ್ಟಿ ಖಾಲಿ ಇದ್ರೂನೂ. ದೊಡ್ಡ ಮಷೀನ್‌ಗಳಲ್ಲಿ ಇದೇ ಒಂದು ನೂಕುನುಗ್ಗಲಾಗ್ತಿತ್ತು. 2014ರ ಜನವರೀಲಿ ಕರ್ನಲ್ ಡೆವಲಪರ್ ಡೇವಿಡ್ಲೋರ್ ಬ್ಯೂಸೊ ಅವ್ರ ಪ್ಯಾಚ್ (ಕೋಡ್ ಬದಲಾವಣೆ) ಸರಣಿ ಒಳಗೆ ಬಂತು. ಹ್ಯಾಶ್ ಟೇಬಲ್‌ನ ಒಂದೊಂದು ಸಿಪಿಯುಗೆ 256 ಬಕೆಟ್ ಲೆಕ್ಕದಲ್ಲಿ ದೊಡ್ಡದು ಮಾಡಿದ್ದು ಒಂದು, ಇನ್ನೊಂದು, ಕಾಯೋರು ಯಾರೂ ಇಲ್ಲ ಅಂದ್ರೆ ಎಬ್ಬಿಸೋನು ಲಾಕ್ ಮುಟ್ಟದೇ ವಾಪಸ್ ಹೋಗಲಿ ಅನ್ನೋದು. ಒಳ್ಳೇ ಕೆಲಸ, ಬೇಕಾಗಿದ್ದ ಕೆಲಸ, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಲಾಕ್ ತೆಗೆದ ಜಾಗದಲ್ಲಿ ಲಾಕ್ ಇಷ್ಟು ದಿನ ಬಾಯ್ಬಿಡದೇ ಮಾಡ್ತಿದ್ದ ಇನ್ನೊಂದು ಕೆಲಸಾನೂ ಹೋಗತ್ತೆ, ಅದೇ ಆರ್ಡರಿಂಗ್, ಅಂದ್ರೆ ಯಾವ ಬರವಣಿಗೆ ಯಾವ ಓದಿಗಿಂತ ಮೊದಲು ಅನ್ನೋ ಕ್ರಮ. ಇದನ್ನ ನಾನು ಹೊಸಬರಿಗೆ ಅಂಗಡಿ ಉದಾಹರಣೆ ಕೊಟ್ಟು ಹೇಳ್ತೀನಿ. ಒಂದು ಕಿರಾಣಿ ಅಂಗಡಿ, ಅಣ್ಣ ತಮ್ಮ ಇಬ್ರು, ಎರಡು ಗಲ್ಲಾ, ಮಧ್ಯದಲ್ಲಿ ಒಂದೇ ಖಾತೆ ಪುಸ್ತಕ. ಗಿರಾಕಿ ಮುಂದಿದ್ದಾಗ ಎದ್ದು ಹೋಗಿ ಪುಸ್ತಕದಲ್ಲಿ ಬರೆಯಕ್ಕಾಗಲ್ಲ ಅಂತ ಇಬ್ರೂ ತಮ್ಮ ತಮ್ಮ ಚೀಟೀಲಿ ಬರ್ಕೊಂಡು ಪುರುಸೊತ್ತಾದಾಗ ಪುಸ್ತಕಕ್ಕೆ ಏರಿಸ್ತಾರೆ. ಈಗ ಅಣ್ಣ "ನಾನು ಕಾಯ್ತಾ ಇದೀನಿ" ಅಂತ ಚೀಟೀಲಿ ಬರೆದು, ಪುಸ್ತಕ ನೋಡಿ "ತಮ್ಮ ಇನ್ನೂ ಬಿಟ್ಟಿಲ್ಲ" ಅಂತ ಮಲಗ್ತಾನೆ. ಅದೇ ಹೊತ್ತಿಗೆ ತಮ್ಮ "ಬಿಟ್ಟೆ" ಅಂತ ತನ್ನ ಚೀಟೀಲಿ ಬರೆದು, ಪುಸ್ತಕ ನೋಡಿ "ಯಾರೂ ಕಾಯ್ತಾ ಇಲ್ಲ" ಅಂತ ಹೊರಟು ಹೋಗ್ತಾನೆ. ಇಬ್ರೂ ಸುಳ್ಳು ಹೇಳಿಲ್ಲ, ಇಬ್ರೂ ಬರೆದಾದ್ಮೇಲೇ ನೋಡಿದಾರೆ, ಆದ್ರೂ ಇಬ್ರಿಗೂ ಕಂಡಿದ್ದು ಹಳೇ ಪುಸ್ತಕ. ಸಿಪಿಯು ಒಳಗಿನ ಸ್ಟೋರ್ ಬಫರ್ ಅಂದ್ರೆ ಆ ಚೀಟಿ. ಫುಲ್ ಮೆಮೊರಿ ಬ್ಯಾರಿಯರ್ ಅಂದ್ರೆ "ಚೀಟಿ ಪುಸ್ತಕಕ್ಕೆ ಏರಿಸಿ ಆಮೇಲೆ ಪುಸ್ತಕ ನೋಡು" ಅನ್ನೋ ಕಟ್ಟಪ್ಪಣೆ. ಇದು ಇಬ್ರಿಗೂ ಬೇಕು, ಒಬ್ಬ ಮಾತ್ರ ಪಾಲಿಸಿದ್ರೆ ಸಾಲಲ್ಲ.

ಇಲ್ಲಿ ಒಂದು ವಿಷ್ಯ ಗಟ್ಟಿಯಾಗಿ ಹೇಳ್ಬೇಕು. ಎಕ್ಸ್86ನಲ್ಲಿ ಆರ್ಡರಿಂಗ್ ಬಿಗಿ ಇದೆ, ಬ್ಯಾರಿಯರ್ ಎಲ್ಲಾ ಆರ್ಮ್ ಚಿಪ್‌ನೋರ ತಲೆನೋವು ಅಂತ ಇವತ್ತಿಗೂ ಹೇಳೋರಿದಾರೆ. ಎಕ್ಸ್86 ಬಹಳಷ್ಟು ಬಿಗಿ ಇರೋದು ನಿಜ, ಆದ್ರೆ ಮೊದಲು ಒಂದು ಸ್ಟೋರ್, ಆಮೇಲೆ ಬೇರೆ ಅಡ್ರೆಸ್‌ನಿಂದ ಲೋಡ್, ಈ ಒಂದು ಜೋಡಿಯ ಕ್ರಮ ಅಲ್ಲೂ ತಪ್ಪಬಹುದು. ನಮ್ಮ ಅಣ್ಣ ತಮ್ಮಂದಿರ ಕಥೆ ಸರಿಯಾಗಿ ಆ ಜೋಡಿಯೇ. ಇನ್ನೊಂದು ನಂಬಿಕೆ, ಯೂಸರ್‌ಸ್ಪೇಸ್‌ನಿಂದ ಕರ್ನಲ್ ಒಳಗೆ ಹೋಗೋವಾಗ ಎಲ್ಲಾ ತಾನಾಗೇ ತೊಳೆದು ಹೋಗತ್ತೆ ಅಂತ. ಎಕ್ಸ್86ನ ಸಿಸ್ಕಾಲ್ ಇನ್‌ಸ್ಟ್ರಕ್ಷನ್ ಸೀರಿಯಲೈಸಿಂಗ್ ಅಲ್ಲ, ಅದು ಸ್ಟೋರ್ ಬಫರ್ ಖಾಲಿ ಆಗೋವರ್ಗೂ ಕಾಯಲ್ಲ. ಯೂಸರ್‌ಸ್ಪೇಸ್‌ನಲ್ಲಿ ಸಾದಾ ಸ್ಟೋರ್ ಮಾಡಿ ತಕ್ಷಣ ಫ್ಯೂಟೆಕ್ಸ್ ವೇಕ್ ಕರೆದ್ರೆ, ಕರ್ನಲ್ ಒಳಗೆ ಕಾಯೋರನ್ನ ಎಣಿಸೋ ಹೊತ್ತಿಗೂ ಆ ಸ್ಟೋರ್ ಇನ್ನೂ ಚೀಟೀಲೇ ಇರಬಹುದು.

ಪ್ಯಾಚ್ ಬರೆದವ್ರಿಗೆ ಇದೆಲ್ಲಾ ಗೊತ್ತಿತ್ತು, ಚೆನ್ನಾಗೇ ಗೊತ್ತಿತ್ತು. ಫೈಲ್‌ನ ಮೇಲ್ಗಡೆ ಉದ್ದದೊಂದು ಕಾಮೆಂಟ್ ಬರೆದಿದಾರೆ, ಎರಡು ಸಿಪಿಯು ಪಕ್ಕಪಕ್ಕ ಇಟ್ಟು ಯಾವ ಸಾಲು ಯಾವ ಕಡೆ ನಡೆಯತ್ತೆ ಅಂತ ಚಿತ್ರ ಬಿಡಿಸಿ, ಕಾಯೋನ ಕಡೆ ಇರೋ ಬ್ಯಾರಿಯರ್‌ಗೆ 'ಎ', ಎಬ್ಬಿಸೋನ ಕಡೆ ಇರೋದಕ್ಕೆ 'ಬಿ' ಅಂತ ಹೆಸ್ರಿಟ್ಟು, ಒಂದಿಲ್ದಿದ್ರೆ ಏನಾಗತ್ತೆ ಅಂತಾನೂ ಹೇಳಿದಾರೆ. ನಾನು ಓದಿರೋ ಕರ್ನಲ್ ಕಾಮೆಂಟ್‌ಗಳಲ್ಲಿ ಇಷ್ಟು ನೀಟಾಗಿರೋದು ಕಮ್ಮಿ, ಈಗ್ಲೂ ಹೊಸಬರಿಗೆ ಓದಿ ಅಂತ ಕೊಡ್ತೀನಿ.

ಹಾಗಾದ್ರೆ 'ಬಿ' ಎಲ್ಲಿದೆ? ಎಬ್ಬಿಸೋನು ಮೊದಲು ಗೆಟ್_ಫ್ಯೂಟೆಕ್ಸ್_ಕೀ ಅಂತ ಒಂದು ಫಂಕ್ಷನ್ ಕರೀತಾನೆ, ಯಾವ ಬಕೆಟ್ ಅಂತ ಕಂಡುಹಿಡಿಯೋಕೆ ಬೇಕಾದ ಕೀ ಅದು ಕೊಡತ್ತೆ. ಅದರೊಳಗೆ ಗೆಟ್_ಫ್ಯೂಟೆಕ್ಸ್_ಕೀ_ರೆಫ್ಸ್ ಅಂತ ಇನ್ನೊಂದು, ಕೀಗೆ ರೆಫರೆನ್ಸ್ ಹಿಡಿಯೋದು. ರೆಫರೆನ್ಸ್ ಹಿಡಿಯೋದಂದ್ರೆ ಒಂದು ಅಟಾಮಿಕ್ ಕೌಂಟ್ ಏರಿಸೋದು, ಅದರ ಜೊತೆಗೇ ಬ್ಯಾರಿಯರ್ ಬಂದೇ ಬರತ್ತಲ್ಲ, ಇನ್ನೊಂದು ಯಾಕೆ ದಂಡ ಅಂತ ಅದನ್ನೇ 'ಬಿ' ಆಗಿ ಬಳಸ್ಕೊಂಡ್ರು. ಎಲ್ಲೆಲ್ಲಿ ಆ ಫಂಕ್ಷನ್ ಕರೀತಾರೋ ಅಲ್ಲೆಲ್ಲಾ ಪಕ್ಕದಲ್ಲಿ ಕಾಮೆಂಟ್, "ಇದರಲ್ಲೇ ಬ್ಯಾರಿಯರ್ 'ಬಿ' ಇದೆ" ಅನ್ನೋ ಅರ್ಥದ್ದು. ಪ್ರೈವೇಟ್ ಫ್ಯೂಟೆಕ್ಸ್ ದಾರೀಲೂ ಅದೇ ಕಾಮೆಂಟ್.

ಈಗ ಆ ರೆಫ್ಸ್ ಫಂಕ್ಷನ್ ಒಳಗೆ ಏನಿತ್ತು ಅಂತ ಕನ್ನಡದಲ್ಲೇ ಬರೀತೀನಿ:

ಕೀಯ ಆಫ್‌ಸೆಟ್‌ನ ಕೊನೇ ಎರಡು ಬಿಟ್ ನೋಡಿ ಸ್ವಿಚ್:
ಕೇಸ್ 1, ಇನೋಡ್ (ಕರ್ನಲ್‌ನಲ್ಲಿ ಒಂದು ಫೈಲ್‌ನ ದಾಖಲೆ) ಮೇಲಿನ ಫ್ಯೂಟೆಕ್ಸ್: ಇನೋಡ್‌ನ ಕೌಂಟ್ ಏರಿಸು. ಕಾಮೆಂಟ್: ಇದರಲ್ಲೇ 'ಬಿ' ಇದೆ. ಬ್ರೇಕ್.
ಕೇಸ್ 2, ಎಂಎಂ (ಪ್ರೋಸೆಸ್‌ನ ಮೆಮೊರಿ ನಕ್ಷೆ) ಹಂಚ್ಕೊಂಡಿರೋ ಫ್ಯೂಟೆಕ್ಸ್: ಎಂಎಂ ಕೌಂಟ್ ಏರಿಸು. ಕಾಮೆಂಟ್: ಇದರಲ್ಲೇ 'ಬಿ' ಇದೆ. ಬ್ರೇಕ್.
ಸ್ವಿಚ್ ಮುಗೀತು.

ಅಷ್ಟೇ. ಓದೋರು ಇಲ್ಲೊಂದು ನಿಮಿಷ ನಿಂತು ತಾವೇ ಹುಡುಕಿ ನೋಡಿ.

ನಮ್ಮ ಟೀಮ್‌ಗೆ ಹೊಸದಾಗಿ ಸೇರಿದವ್ರಿಗೆ ನಾನು ಇದನ್ನ ಪ್ರಿಂಟ್ ತೆಗೆದು ಕೊಡ್ತೀನಿ, ಸ್ಕ್ರೀನ್ ಮೇಲಲ್ಲ, ಪೆನ್ ಹಿಡಿದು ಓದ್ಲಿ ಅಂತ. ಒಂದ್ಸಲ ಒಬ್ಳು ಹುಡುಗಿ, ಕಾಲೇಜ್ ಮುಗ್ಸಿ ನಾಲ್ಕೇ ತಿಂಗಳಾಗಿತ್ತು, ಅನುಭವ ಇದ್ದೋರು ಮೂರ್ನಾಲ್ಕು ಜನ 'ಎ' ಕಡೆ ಸ್ಪಿನ್‌ಲಾಕ್ ಬಗ್ಗೆ ವಾದ ಮಾಡ್ತಿದ್ದಾಗ ಸುಮ್ನೆ ಕೂತಿದ್ದೋಳು ಆಮೇಲೆ ಮೆಲ್ಲಗೆ ಕೇಳಿದ್ಳು, "ಸರ್, ಪ್ರೈವೇಟ್ ಫ್ಯೂಟೆಕ್ಸ್‌ಗೆ ಕೊನೇ ಎರಡು ಬಿಟ್ ಎಷ್ಟಿರತ್ತೆ?"

"ಸೊನ್ನೆ."

"ಹಾಗಾದ್ರೆ ಸ್ವಿಚ್‌ನಲ್ಲಿ ಯಾವ ಕೇಸ್‌ಗೂ ಹೋಗಲ್ವಲ್ಲ ಸರ್?"

ಅದೇ ಬಗ್. ಪ್ರೈವೇಟ್ ಫ್ಯೂಟೆಕ್ಸ್ ಅಂದ್ರೆ ಒಂದೇ ಪ್ರೋಸೆಸ್‌ನ ಥ್ರೆಡ್‌ಗಳ ನಡುವಿಂದು, ತನ್ನದೇ ಎಂಎಂ, ಅದಕ್ಕೆ ರೆಫರೆನ್ಸ್ ಹಿಡಿಯೋ ಅಗತ್ಯ ಇಲ್ಲ, ಅದಕ್ಕೇ ಅದಕ್ಕೊಂದು ಕೇಸೂ ಇರ್ಲಿಲ್ಲ, ಕೇಸ್ ಇಲ್ಲ ಅಂದ್ಮೇಲೆ ಅಟಾಮಿಕ್ ಇಲ್ಲ, ಅಟಾಮಿಕ್ ಇಲ್ಲ ಅಂದ್ಮೇಲೆ ಬ್ಯಾರಿಯರ್ ಇಲ್ಲ. ರೆಫರೆನ್ಸ್ ಕೌಂಟ್ ಲೆಕ್ಕದಲ್ಲಿ ನೋಡಿದ್ರೆ ಆ ಫಂಕ್ಷನ್ ನೂರಕ್ಕೆ ನೂರು ಸರಿ ಇತ್ತು, 2007ರಲ್ಲಿ 2.6.22 ಕರ್ನಲ್‌ಗೆ ಪ್ರೈವೇಟ್ ಫ್ಯೂಟೆಕ್ಸ್ ಬಂದಾಗಿಂದ ಯಾರಿಗೂ ತೊಂದ್ರೆ ಕೊಟ್ಟಿರ್ಲಿಲ್ಲ. ಅದೇ ಫಂಕ್ಷನ್ ತಲೆ ಮೇಲೆ ಎರಡನೇ ಕೆಲಸ ಹೊರಿಸಿದಾಗ ಅದು ತಪ್ಪಾಯ್ತು. ಮತ್ತೆ ತಪ್ಪಾಗಿದ್ದು ಯಾವುದೋ ಮೂಲೆ ದಾರೀಲಲ್ಲ, ಸಾಮಾನ್ಯ ಪಿಥ್ರೆಡ್ ಮ್ಯೂಟೆಕ್ಸ್ ಎಲ್ಲಾ ಓಡಾಡೋ ಹೆದ್ದಾರೀಲಿ.

ಇದು ರಿವ್ಯೂನಲ್ಲಿ ಯಾಕೆ ಸಿಗಲಿಲ್ಲ ಅಂತ ನಾನು ಬಹಳ ಸಲ ಯೋಚನೆ ಮಾಡಿದೀನಿ. ನೋಡಿದೋರು ಸಣ್ಣ ಪುಟ್ಟವರಲ್ಲ, ಪೀಟರ್ ಝಿಲ್‌ಸ್ಟ್ರಾ, ಥಾಮಸ್ ಗ್ಲೈಕ್ಸ್ನರ್, ಲಿನಸ್ ಟೊರ್ವಾಲ್ಡ್ಸ್, ಈ ಕೋಡನ್ನ ಅರೆದು ಕುಡಿದವರು. ನನ್ನ ಪ್ರಕಾರ ಮುಖ್ಯ ಕಾರಣ ಡಿಫ್‌ನ ಸ್ವಭಾವ. ಡಿಫ್‌ನಲ್ಲಿ ಕಾಣೋದು ಬದಲಾದ ಸಾಲು. ಇನೋಡ್ ಕೇಸ್‌ನ ಪಕ್ಕ ಕಾಮೆಂಟ್ ಸೇರಿಸಿದ್ದು ಕಾಣತ್ತೆ, ಎಂಎಂ ಕೇಸ್‌ಗೆ ಅಟಾಮಿಕ್ ಆದ್ಮೇಲೆ ಬ್ಯಾರಿಯರ್ ಬೇಕು ಅಂತ ಹೊಸ ಸಣ್ಣ ಫಂಕ್ಷನ್ ಮಾಡಿದ್ದು ಕಾಣತ್ತೆ, ಎರಡನ್ನೂ ಪರೀಕ್ಷೆ ಮಾಡಿದ್ರೆ ಎರಡೂ ಸರಿ. ಮೂರನೇ ಕೇಸ್ ಬರೆದೇ ಇಲ್ಲ, ಬರೆಯದೇ ಇರೋದಕ್ಕೆ ಪ್ಲಸ್ ಗುರುತೂ ಇಲ್ಲ ಮೈನಸ್ ಗುರುತೂ ಇಲ್ಲ. ಕರೆಯೋ ಕಡೆ ನೋಡಿದ್ರೆ ಪ್ರೈವೇಟ್ ದಾರೀಲಿ "ಬ್ಯಾರಿಯರ್ ಇದೆ" ಅಂತ ಕಾಮೆಂಟ್, ಕಣ್ಣು ಅಲ್ಲೇ ಸಮಾಧಾನ ಪಟ್ಕೊಂಡು ಮುಂದಕ್ಕೆ ಹೋಗತ್ತೆ. ಪ್ಯಾಚ್‌ಗಳನ್ನ ತಾನಾಗೇ ಪರೀಕ್ಷೆ ಮಾಡೋ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಕಾಮೆಂಟ್ ಇಲ್ಲದ ಬ್ಯಾರಿಯರ್ ಕಂಡ್ರೆ ವಾರ್ನಿಂಗ್ ಕೊಡತ್ತೆ, ಬ್ಯಾರಿಯರ್ ಇಲ್ಲದ ಕಾಮೆಂಟ್ ಕಂಡ್ರೆ ಅದಕ್ಕೇನೂ ಗೊತ್ತಾಗಲ್ಲ, ಅದನ್ನ ಹಿಡಿಯೋದು ಮನುಷ್ಯನೇ.

ಇನ್ನೊಂದು ಕಾರಣ ಮಧ್ಯದಲ್ಲಿ ನಡೆದ ಘಟನೆ. ಜನವರೀಲಿ ಒಳಗೆ ಬಂದ ಪ್ಯಾಚ್‌ನಲ್ಲಿ ಕಾಯೋರು ಇದಾರಾ ಅಂತ ತಿಳ್ಕೊಳ್ಳೋಕೆ ಬೇರೆ ಕೌಂಟರ್ ಇರ್ಲಿಲ್ಲ, ಬಕೆಟ್‌ನ ಸ್ಪಿನ್‌ಲಾಕ್ ಹಿಡಿದಿದ್ಯಾ ಅಥವಾ ಪಟ್ಟೀಲಿ ಯಾರಾದ್ರೂ ಇದಾರಾ ಅಂತ ನೋಡ್ತಿದ್ರು ಅಷ್ಟೇ. 2014ರ ಮಾರ್ಚ್‌ನಲ್ಲಿ ಒಂದು ಪವರ್7 (ಐಬಿಎಂನ ಪವರ್‌ಪಿಸಿ ಪೈಕಿ ಚಿಪ್) ಮಷೀನ್‌ನಲ್ಲಿ ಜಾವಾ ಬೆಂಚ್‌ಮಾರ್ಕ್ ಓಡಿಸಿದಾಗ ಥ್ರೆಡ್‌ಗಳು ಫ್ಯೂಟೆಕ್ಸ್‌ನಲ್ಲಿ ಸಿಕ್ಕಾಕ್ಕೊಳ್ತಿವೆ ಅಂತ ವರದಿ ಬಂತು. ಎಕ್ಸ್86ನಲ್ಲಿ ಆಗ ಇದ್ದಿದ್ದು ಟಿಕೆಟ್ ಲಾಕ್, ರೇಷನ್ ಅಂಗಡೀಲಿ ಟೋಕನ್ ತಗೊಂಡ ಕೂಡ್ಲೇ ಸಾಲಲ್ಲಿ ಇದೀನಿ ಅಂತ ಲೆಕ್ಕ ಆಗೋ ಹಾಗೆ, ಲಾಕ್‌ಗೆ ಕಾಯ್ತಿರೋನೂ ಲೆಕ್ಕಕ್ಕೆ ಸಿಗ್ತಾನೆ. ಪವರ್‌ಪಿಸಿ ಲಾಕ್ ಹಾಗಿರ್ಲಿಲ್ಲ, ಕಾಯೋರಿದ್ರೂ ಒಂದೊಂದ್ಸಲ ಲಾಕ್ ಖಾಲಿ ಅಂತ ಕಾಣ್ತಿತ್ತು. ಲಿನಸ್ ಆಗ ಪ್ರತ್ಯೇಕ ಕೌಂಟರ್ ವಾಪಸ್ ತಂದ್ರು. ಆ ಕಮಿಟ್ (ಕೋಡ್‌ಗೆ ಸೇರಿಸಿದ ಬದಲಾವಣೆ) ಮೆಸೇಜ್‌ನಲ್ಲಿ ಅವ್ರೇ ಹೇಳಿರೋ ಮಾತು ನಂಗೆ ತುಂಬಾ ಮುಖ್ಯ ಅನ್ಸತ್ತೆ: ಡೇವಿಡ್ಲೋರ್ ಅವ್ರ ಮೂಲ ಕೋಡ್‌ನಲ್ಲಿ ಕೌಂಟರ್ ಇತ್ತು, ಅದು ಬೇಡ ಅಂತ ಒಪ್ಪಿಸಿದ್ದು ತಾನೇ ಅಂತ. ಅಂದ್ರೆ ರಿವ್ಯೂ ಮಾಡೋವಾಗ ಕೊಟ್ಟ ಸಲಹೆಯಿಂದಾನೇ ಒಂದು ಬಗ್ ಒಳಗೆ ಬಂದಿತ್ತು, ಮತ್ತೆ ಅದನ್ನ ಸಲಹೆ ಕೊಟ್ಟೋರೇ ಎಲ್ರಿಗೂ ಕಾಣೋ ಹಾಗೆ ಬರೆದಿಟ್ರು. ಹೀಗೆ ಬರೆದಿಡೋದು ದೊಡ್ಡತನ, ಹತ್ತು ವರ್ಷ ಆದ್ಮೇಲೆ ಓದೋ ನನ್ನಂಥವ್ರಿಗೆ ದಾರಿ ಕಾಣೋದು ಅದರಿಂದಾನೇ.

ಆದ್ರೆ ನೋಡಿ, ಆ ಸಲ ಎಲ್ರ ಗಮನ ಹೋಗಿದ್ದು ಎಣಿಕೆ ಸರಿ ಇದ್ಯಾ ಅನ್ನೋದರ ಕಡೆ, ಕಾಯೋನ ಪಕ್ಕದ ಕಡೆ. ಕೌಂಟರ್ ಏರಿಸಿದ್ಮೇಲೆ 'ಎ' ಬ್ಯಾರಿಯರ್ ಸರಿಯಾಗಿ ಹಾಕಿದ್ರು. ಎಬ್ಬಿಸೋನ ಕಡೆ 'ಬಿ' ಮೊದಲಿನಂಗೇ ಆ ರೆಫ್ಸ್ ಫಂಕ್ಷನ್ ಮೇಲೆ ಒರಗಿ ಕೂತಿತ್ತು. ಸಿಂಪ್ಟಮ್ ಒಂದೇ, ಕಾರಣ ಎರಡು. ಒಂದು ಕಾರಣ ಸಿಕ್ಕಿ ಸಿಂಪ್ಟಮ್ ಹೋಯ್ತು ಅಂದ ಕೂಡ್ಲೇ ಹುಡುಕೋದು ನಿಂತೋಯ್ತು. 3.14 ಕರ್ನಲ್ ಮಾರ್ಚ್ ಕೊನೇಲಿ ಬಿಡುಗಡೆ ಆಯ್ತು, ಒಳಗೆ ಈ ತೂತು ಹಾಗೇ ಇತ್ತು.

ಸಿಕ್ಕಿದ್ದು ಅಕ್ಟೋಬರ್‌ನಲ್ಲಿ, ಆರ್ಮ್64 ಕಡೆಯಿಂದ. ಹಲವು ಕ್ಲಸ್ಟರ್ ಇರೋ ಆರ್ಮ್64 ಮಷೀನ್‌ನಲ್ಲಿ ಆಂಡ್ರಾಯ್ಡ್‌ನ ಬಯಾನಿಕ್ ಲೈಬ್ರರಿಯ ಮ್ಯೂಟೆಕ್ಸ್ ಓಡಿಸಿದ್ರೆ ಯೂಸರ್‌ಸ್ಪೇಸ್ ಥ್ರೆಡ್‌ಗಳು ನಿಂತ್ಹೋಗ್ತಿದ್ವು. ಆರ್ಮ್64 ಪೋರ್ಟ್ ನೋಡ್ಕೊಳ್ಳೋ ಕ್ಯಾಟಲಿನ್ ಮರಿನಾಸ್ ಬರೆದ ಪ್ಯಾಚ್ ಎರಡೇ ಸಾಲು: ಆ ಸ್ವಿಚ್‌ಗೆ ಒಂದು ಡೀಫಾಲ್ಟ್, ಅದರೊಳಗೆ ಎಸ್‌ಎಂಪಿ_ಎಂಬಿ, ಅಂದ್ರೆ ಫುಲ್ ಬ್ಯಾರಿಯರ್. ಪಕ್ಕದಲ್ಲಿ ಕಾಮೆಂಟ್, ಇದು ಬೇಕಂತಲೇ ಹಾಕಿದ 'ಬಿ' ಅಂತ. ಕಮಿಟ್ ಮೆಸೇಜ್‌ನಲ್ಲಿ ಜನವರಿ ಕಮಿಟ್ ಯಾವುದು, ಮಾರ್ಚ್ ಕಮಿಟ್ ಯಾವುದು, ಎರಡೂ ಏನನ್ನ ನಂಬಿದ್ವು, ಆ ನಂಬಿಕೆ ಯಾವ ದಾರೀಲಿ ಸುಳ್ಳಾಗತ್ತೆ ಅಂತ ಕೆಲವೇ ವಾಕ್ಯದಲ್ಲಿ ಇದೆ.

ನಮ್ಮ ಮಷೀನ್‌ಗಳಿಗೆ ಬಂದಿದ್ದ ಎಂಟರ್‌ಪ್ರೈಸ್ ಡಿಸ್ಟ್ರೋ ಕರ್ನಲ್ ನಂಬರ್ ನೋಡಿದ್ರೆ ಬಹಳ ಹಳೇದು, 3.14ಕ್ಕಿಂತ ಎಷ್ಟೋ ಹಿಂದಿಂದು, ಹಾಗಾಗಿ ಈ ಬಗ್ ನಮಗೆ ಸಂಬಂಧ ಇಲ್ಲ ಅಂತ ಮೊದಲು ಅನ್ಸಿತ್ತು. ಆದ್ರೆ ಜನವರಿಯ ಆಪ್ಟಿಮೈಸೇಶನ್‌ನ ಹಳೇ ಕರ್ನಲ್‌ಗೆ ಬ್ಯಾಕ್‌ಪೋರ್ಟ್ ಮಾಡಿದ್ರು, ಅಕ್ಟೋಬರ್‌ನ ಎರಡು ಸಾಲು ಅದರ ಜೊತೆ ಬಂದಿರ್ಲಿಲ್ಲ. 2015ರ ಮೇ ತಿಂಗಳಲ್ಲಿ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸೋ ಎಂಜಿನ್) ಜಗತ್ತಿನ ಗಿಲ್ ಟೆನೆ ಇದರ ಬಗ್ಗೆ ಬಹಿರಂಗವಾಗಿ ಬರೆದು, ಹ್ಯಾಸ್ವೆಲ್ ಮಷೀನ್‌ಗಳಲ್ಲಿ ಜಾವಾ ಪ್ರೋಸೆಸ್‌ಗಳು ಕಾರಣ ಇಲ್ದೆ ನಿಲ್ತಿದ್ರೆ ಕರ್ನಲ್ ನೋಡ್ಕೊಳ್ಳಿ ಅಂತ ಎಚ್ಚರಿಸಿದ್ಮೇಲೇ ನಮಗೂ ನಮ್ಮಂಥ ಎಷ್ಟೋ ಜನಕ್ಕೂ ಬೆಳಕಾಗಿದ್ದು. ಹ್ಯಾಸ್ವೆಲ್ ಚಿಪ್‌ದು ಇಲ್ಲಿ ಏನೂ ತಪ್ಪಿಲ್ಲ, ಆರ್ಕಿಟೆಕ್ಚರ್ ಯಾವಾಗ್ಲೂ ಅನುಮತಿ ಕೊಟ್ಟಿದ್ದನ್ನೇ ಅದು ಮಾಡಿದ್ದು. ಸರಿಮಾಡಿದ ಕರ್ನಲ್ ಹಾಕಿ ರೀಬೂಟ್ ಮಾಡಿದ್ವಿ, ಮತ್ತೆ ಆ ಸರ್ವಿಸ್ ಒಂದ್ಸಲಾನೂ ನಿಲ್ಲಲಿಲ್ಲ. ಹದಿನೈದು ದಿನ ಬೈಸ್ಕೊಂಡಿದ್ದ ಅಪ್ಲಿಕೇಶನ್ ಟೀಮ್‌ನ ಮುಂದೆ ಹೋಗಿ ನಿಮ್ಮ ಕೋಡ್ ಸರಿ ಇತ್ತು ಅಂತ ಹೇಳಿ ಬಂದ್ವಿ, ಅದು ಅವ್ರಿಗೆ ಸಲ್ಲಬೇಕಾದ್ದು.

ಇದಾದ್ಮೇಲೆ ನಾನು ರಿವ್ಯೂ ಮಾಡೋ ರೀತಿ ಬದಲಾಯ್ತು. ಪ್ಯಾಚ್‌ನಲ್ಲಿ ಲಾಕ್ ತೆಗೆದಿದಾರೆ ಅಂದ್ರೆ, ಏನು ಸೇರಿಸಿದಾರೆ ಅಂತ ನೋಡೋಕೆ ಮುಂಚೆ ಆ ಲಾಕ್ ಏನೇನು ಕಾಯ್ತಿತ್ತು ಅಂತ ಒಂದು ಹಾಳೇಲಿ ಬರ್ಕೊಳ್ತೀನಿ, ಪಟ್ಟಿ ಒಂದೇನಾ, ಕೌಂಟ್ ಒಂದೇನಾ, ಯಾವುದೋ ಎರಡು ಬೇರೆ ಜಾಗದ ಕ್ರಮ ಕೂಡಾನಾ. ಬ್ಯಾರಿಯರ್ ಕಂಡ್ರೆ ಅದರ ಜೋಡಿ ಎಲ್ಲಿ ಅಂತ ಹುಡುಕ್ತೀನಿ, ಯಾವ ಬರವಣಿಗೆ ಮುಂಚೆ, ಯಾವ ಓದು ಆಮೇಲೆ, ಇದನ್ನ ಬೆರಳಿಟ್ಟು ತೋರ್ಸೋಕೆ ಆಗ್ದಿದ್ರೆ ಪ್ಯಾಚ್ ಬರೆದೋರಿಗೆ ಕೇಳ್ತೀನಿ, ಅವ್ರಿಗೂ ತೋರ್ಸೋಕೆ ಆಗ್ದಿದ್ರೆ ಒಪ್ಪಲ್ಲ. "ಈ ಫಂಕ್ಷನ್‌ನಲ್ಲೇ ಬ್ಯಾರಿಯರ್ ಇದೆ" ಅಂತ ಯಾರಾದ್ರೂ ಬರೆದಿದ್ರೆ ಆ ಫಂಕ್ಷನ್ ತೆಗೆದು ಒಳಗೆ ಹೋಗಿ, ಬೇಗ ವಾಪಸ್ ಬರೋ ದಾರಿ, ಇಫ್ ಒಳಗೆ ಹೋಗದ ದಾರಿ, ಸ್ವಿಚ್‌ನಲ್ಲಿ ಯಾವ ಕೇಸ್‌ಗೂ ಹೊಂದದ ದಾರಿ, ಒಂದೊಂದರಲ್ಲೂ ಪೆನ್ ಓಡಿಸ್ತೀನಿ. ಟೈಮ್ ಹಿಡಿಯತ್ತೆ, ಇಪ್ಪತ್ತು ಸಾಲಿನ ಪ್ಯಾಚ್‌ಗೆ ಅರ್ಧ ದಿನ ಹೋಗಿದ್ದಿದೆ, ಮ್ಯಾನೇಜರ್‌ಗೆ ಹೇಳಿ ಒಪ್ಪಿಸ್ಬೇಕು.

ಟೂಲ್‌ಗಳು ಆಗಿಗಿಂತ ಈಗ ಎಷ್ಟೋ ವಾಸಿ. 2018ರಲ್ಲಿ 4.17 ಕರ್ನಲ್ ಜೊತೆ ಲಿನಕ್ಸ್‌ಗೆ ತನ್ನದೇ ಮೆಮೊರಿ ಮಾಡೆಲ್ (ಓದು ಬರಹದ ಯಾವ ಕ್ರಮ ಸಾಧ್ಯ ಅಂತ ಹೇಳೋ ನಿಯಮಾವಳಿ) ಬಂತು, ಅದರ ಫೋಲ್ಡರ್‌ನಲ್ಲಿ ನಮ್ಮ ಅಣ್ಣ ತಮ್ಮಂದಿರ ಕಥೆ ಎರಡು ಪುಟ್ಟ ಲಿಟ್ಮಸ್ ಟೆಸ್ಟ್ (ಕ್ರಮ ತಪ್ಪಬಹುದಾ ಅಂತ ಪರೀಕ್ಷಿಸೋ ಪ್ರೋಗ್ರಾಂ) ಆಗಿ ಇದೆ, ಬ್ಯಾರಿಯರ್ ಇಲ್ದೇ ಒಂದು, ಎರಡೂ ಕಡೆ ಬ್ಯಾರಿಯರ್ ಹಾಕಿ ಒಂದು. ಹರ್ಡ್7 ಅನ್ನೋ ಪ್ರೋಗ್ರಾಂಗೆ ಕೊಟ್ರೆ ಮೊದಲನೇದಕ್ಕೆ ಇಬ್ರೂ ಹಳೇದು ಓದೋದು ಸಾಧ್ಯ ಅನ್ನತ್ತೆ, ಎರಡನೇದಕ್ಕೆ ಸಾಧ್ಯವೇ ಇಲ್ಲ ಅನ್ನತ್ತೆ. ಕರ್ನಲ್ ಒಳಗಿನ ಡೇಟಾ ರೇಸ್ (ಒಂದೇ ಜಾಗಕ್ಕೆ ಕ್ರಮ ಇಲ್ದೆ ಒಟ್ಟಿಗೇ ಬರೆಯೋದು, ಓದೋದು) ಹುಡುಕೋ ಕೆಸಿಸ್ಯಾನ್ 5.8ರಲ್ಲಿ ಬಂತು. ಆದ್ರೆ ಈ ಪ್ರಕರಣದಲ್ಲಿ ಒಂದು ತೊಡಕಿದೆ, ಜೋಡಿಯ ಅರ್ಧ ಇರೋದು ಯೂಸರ್‌ಸ್ಪೇಸ್‌ನಲ್ಲಿ. ಲಾಕ್ ಬಿಟ್ಟೆ ಅಂತ ಬರೆಯೋ ಸ್ಟೋರ್ ಗ್ಲಿಬ್‌ಸಿಯೋ ಬಯಾನಿಕ್ಕೋ ಮಾಡೋದು, ಅದನ್ನ ಕರ್ನಲ್‌ನ ಟೂಲ್ ನೋಡೋದೇ ಇಲ್ಲ. ಲಿಟ್ಮಸ್ ಟೆಸ್ಟ್ ಬರೆಯೋವಾಗ್ಲೂ ಸ್ವಿಚ್‌ನ ಯಾವ ದಾರಿ ಅಂತ ನಾವೇ ಆರಿಸಿ ಬರೀಬೇಕು, ಬ್ಯಾರಿಯರ್ ಇದೆ ಅಂತ ಅಂದ್ಕೊಂಡು ಬರೆದ್ರೆ ಅದು ಸರಿ ಅಂತಾನೇ ಉತ್ತರ ಕೊಡತ್ತೆ. ಆ ಹುಡುಗಿ ಕೇಳಿದ ಪ್ರಶ್ನೆ ಕೇಳೋಕೆ ಇವತ್ತಿಗೂ ಒಬ್ರು ಕೂತು ಓದಲೇಬೇಕು.

ನಂಗೆ ಆ ಎರಡು ಸಾಲಿನ ಪ್ಯಾಚ್‌ಗಿಂತ ಮುಂದೆ ಆಗಿದ್ದು ಹೆಚ್ಚು ಇಷ್ಟ. ಡೀಫಾಲ್ಟ್ ಹಾಕಿದ್ದು ಆ ಹೊತ್ತಿಗೆ ಸರಿ, ಸ್ಟೇಬಲ್ ಕರ್ನಲ್‌ಗಳಿಗೆ ಕಳ್ಸೋಕೆ ಸಣ್ಣದಾಗೇ ಇರ್ಬೇಕು. ಆದ್ರೆ ರೆಫರೆನ್ಸ್ ಹಿಡಿಯೋ ಫಂಕ್ಷನ್ ಒಳಗೆ ರೆಫರೆನ್ಸ್ ಹಿಡಿಯದ ದಾರೀಲಿ ಬರೀ ಬ್ಯಾರಿಯರ್ ಇದ್ರೆ ಮುಂದೆ ಯಾರಾದ್ರೂ ಇದೇನು ವ್ಯರ್ಥ ಅಂತ ತೆಗೆದ್ರೂ ತೆಗೆದ್ರೇ. ಆಮೇಲೆ ಅಲ್ಲೊಂದು ಕಾಮೆಂಟ್ ಬಂತು, ಪ್ರೈವೇಟ್ ಫ್ಯೂಟೆಕ್ಸ್‌ಗೆ ರೆಫರೆನ್ಸ್ ಏನೂ ಇಲ್ಲ, ಇಲ್ಲಿಗೆ ಬರೋ ಉದ್ದೇಶ ಬ್ಯಾರಿಯರ್ ಒಂದೇ ಅನ್ನೋ ಅರ್ಥದ್ದು. 2020ರಲ್ಲಿ ಇನೋಡ್ ಕಡೆ ಬೇರೊಂದು ಸಮಸ್ಯೆ ಸರಿಮಾಡ್ತಾ ರೆಫ್ಸ್ ಫಂಕ್ಷನ್ನೇ ಬೇಡ ಅಂತಾಯ್ತು, ಪೂರ್ತಿ ತೆಗೆದ್ರು, 'ಬಿ'ಗೆ ಹೊಸ ಮನೆ ಬೇಕಾಯ್ತು. ಈಗ ಅದು ಕಾಯೋರು ಇದಾರಾ ಅಂತ ನೋಡೋ ಫ್ಯೂಟೆಕ್ಸ್_ಎಚ್‌ಬಿ_ವೇಟರ್ಸ್_ಪೆಂಡಿಂಗ್ ಅನ್ನೋ ಪುಟ್ಟ ಫಂಕ್ಷನ್ ಒಳಗಿದೆ. ಮೊದಲು ಕಾಮೆಂಟ್, ಇದು ಫುಲ್ ಬ್ಯಾರಿಯರ್ 'ಬಿ', ಮೇಲಿನ ಆರ್ಡರಿಂಗ್ ಕಾಮೆಂಟ್ ನೋಡಿ ಅಂತ. ಅದರ ಕೆಳಗೆ ಎಸ್‌ಎಂಪಿ_ಎಂಬಿ. ಅದರ ಕೆಳಗಿನ ಸಾಲಲ್ಲೇ ಕೌಂಟರ್ ಓದೋದು.